ಯಾವ ಯಂತ್ರ ಕೊಳ್ಳಬೇಕು? ಗ್ರಾಹಕ ಶಿಕ್ಷಣ ಘಟಕಕ್ಕೆ ಎರಡು ಅವಧಿಯ ಒಂದು ಪಾಠ

ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ, ವ್ಯವಹಾರ ಅಧ್ಯಯನದ ಭಾಗದಲ್ಲಿ, ‘ಗ್ರಾಹಕ ಶಿಕ್ಷಣ ಮತ್ತು ರಕ್ಷಣೆ’ ಎಂಬ ಘಟಕವಿದೆ. ಅಭ್ಯಾಸ ಬೋಧನೆಗೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಇದು ಅಚ್ಚುಮೆಚ್ಚಿನ ಘಟಕ. ಸುಲಭ ಎಂಬ ಹೆಸರು ಅದಕ್ಕೆ ಬಂದುಬಿಟ್ಟಿದೆ. ಹಾಗಾಗಿ ಪ್ರತಿವರ್ಷ ನನ್ನ ಮೇಜಿಗೆ ಬರುವ ಪಾಠಯೋಜನೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ: ತೂಕದಲ್ಲಿ ಮೋಸ, ಬೇಳೆಯಲ್ಲಿ ಕಲಬೆರಕೆ, ಅವಧಿ ಮೀರಿದ ಔಷಧ, ರಸೀದಿ ಕೇಳಿ ಪಡೆಯಿರಿ, ದೂರು ಕೊಡಿ. 1986ರ ಕಾಯಿದೆ, ಅದರ ಜಾಗಕ್ಕೆ ಬಂದ 2019ರ ಕಾಯಿದೆ, ಮಾರ್ಚ್ 15, ಡಿಸೆಂಬರ್ 24. ಇವೆಲ್ಲ ಬೇಕಾದವೇ. ಆದರೆ ಈ ಎಲ್ಲ ಉದಾಹರಣೆಗಳಲ್ಲೂ ಒಬ್ಬ ಮೋಸಗಾರ ಇರುತ್ತಾನೆ. ಅಂಗಡಿಯವನು ಕೆಟ್ಟವನು, ಗ್ರಾಹಕ ಪಾಪದವನು. ಪಾಠ ಮುಗಿದ ಮೇಲೆ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಇಷ್ಟೇ.

ನಮ್ಮ ಮಕ್ಕಳ ಮನೆಗಳಲ್ಲಿ ಹಣ ಕಳೆದುಹೋಗುವ ಇನ್ನೊಂದು ದಾರಿ ಇದೆ. ವಸ್ತು ಚೆನ್ನಾಗಿಯೇ ಇರುತ್ತದೆ, ಅಂಗಡಿಯವನು ಸತ್ಯವನ್ನೇ ಹೇಳಿರುತ್ತಾನೆ, ರಸೀದಿಯೂ ಇರುತ್ತದೆ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ವಸ್ತುವಿಗೆ ಜೊತೆಯಾಗಿ ಬೇಕಾದದ್ದು ಎಲ್ಲಿಯೂ ಸಿಗುವುದಿಲ್ಲ. ಈ ನಷ್ಟಕ್ಕೆ ಯಾವ ಗ್ರಾಹಕ ಆಯೋಗದಲ್ಲೂ ದೂರು ಕೊಡಲಾಗದು. ಇದನ್ನು ಕಲಿಸುವುದು ಹೇಗೆ? ಈ ಪ್ರಶ್ನೆ ಇಟ್ಟುಕೊಂಡು ಗೊರವನಹಳ್ಳಿ ಬಳಿಯ ಒಂದು ಪ್ರೌಢಶಾಲೆಯಲ್ಲಿ ಎರಡು ಅವಧಿಯ ಮಾದರಿ ಪಾಠ ಮಾಡಿದೆ. 38 ಮಕ್ಕಳು, ಹಿಂದಿನ ಬೆಂಚುಗಳಲ್ಲಿ ವೀಕ್ಷಣಾ ಪುಸ್ತಕ ಹಿಡಿದ 11 ಪ್ರಶಿಕ್ಷಣಾರ್ಥಿಗಳು. ಅದರ ವಿವರ ಇಲ್ಲಿದೆ.

ಹಳೆಯ ಉದಾಹರಣೆ ಏಕೆ?

ಪಾಠಕ್ಕೆ ಆರಿಸಿಕೊಂಡದ್ದು ವಿಡಿಯೋ ಯಂತ್ರಗಳ ಪೈಪೋಟಿಯನ್ನು. ಮೊದಲ ದಿನ ಬೀಟಾಮ್ಯಾಕ್ಸ್ ಮತ್ತು ವಿಎಚ್‌ಎಸ್ ಕ್ಯಾಸೆಟ್ಟುಗಳು, ಎರಡನೆಯ ದಿನ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಡಿಸ್ಕುಗಳು. ಮೊಬೈಲ್ ಫೋನನ್ನೇ ತೆಗೆದುಕೊಳ್ಳಬಹುದಿತ್ತಲ್ಲ ಎಂದು ಒಬ್ಬ ಪ್ರಶಿಕ್ಷಣಾರ್ಥಿ ಮೊದಲೇ ಕೇಳಿದ್ದ. ಮೊಬೈಲ್ ಎಂದ ಕೂಡಲೇ ಹುಡುಗರು ತಮ್ಮ ತಮ್ಮ ಬ್ರ್ಯಾಂಡಿನ ಪರ ಕುಸ್ತಿಗೆ ನಿಲ್ಲುತ್ತಾರೆ, ಯೋಚನೆ ಅಲ್ಲಿಗೇ ನಿಂತುಹೋಗುತ್ತದೆ. ಬೀಟಾಮ್ಯಾಕ್ಸ್ ಪರ ಈ ಮಕ್ಕಳಲ್ಲಿ ಯಾರಿಗೂ ಅಭಿಮಾನವಿಲ್ಲ, ಹಗೆಯೂ ಇಲ್ಲ. ಕಥೆಯ ಕೊನೆ ಅವರಿಗೆ ಗೊತ್ತಿಲ್ಲ. ನಮಗೆ ಗೊತ್ತಿದೆ. ಪಾಠಕ್ಕೆ ಇದಕ್ಕಿಂತ ಅನುಕೂಲ ಬೇರೇನು ಬೇಕು?

ಸಾಮಗ್ರಿ ಖರ್ಚಿಲ್ಲದ್ದು. ಒಂದು ನಿಜವಾದ ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿತು. ಬೀಟಾ ಕ್ಯಾಸೆಟ್ ಸಿಗಲಿಲ್ಲ, ಆದ್ದರಿಂದ ಎರಡರ ಅಳತೆಗೂ ರಟ್ಟು ಕತ್ತರಿಸಿದೆ. ವಿಎಚ್‌ಎಸ್ 188 ಮಿ.ಮೀ. ಉದ್ದ, 104 ಅಗಲ. ಬೀಟಾ 156 ಉದ್ದ, 96 ಅಗಲ. ದಪ್ಪ ಎರಡೂ ಸುಮಾರು 25. ಒಳಗಿನ ಟೇಪು ಎರಡರಲ್ಲೂ ಅರ್ಧ ಇಂಚಿನದೇ. ಚಾಕ್‌ಪೀಸ್ ಡಬ್ಬಿಯ ರಟ್ಟಿನಲ್ಲಿ ಎರಡು ಸೀಳು ಕೊರೆದು ‘ಯಂತ್ರದ ಬಾಯಿ’ ಮಾಡಿದೆ. ಒಬ್ಬಳು ಹುಡುಗಿ ವಿಎಚ್‌ಎಸ್ ರಟ್ಟನ್ನು ಬೀಟಾ ಬಾಯಿಗೆ ತುರುಕಲು ನೋಡಿ, ಆಗದೆ, ‘ಹೋಗಲ್ಲ ಸಾ’ ಎಂದಳು. ‘ಹೊಂದಾಣಿಕೆ’ ಎಂಬ ಪದವನ್ನು ವಿವರಿಸುವ ಕೆಲಸ ಅಲ್ಲಿಗೆ ಮುಗಿಯಿತು.

ಪಾಠದ ಮುಖ್ಯ ಉಪಕರಣ ಮಾತ್ರ ತಾರೀಖು ಹಾಕಿದ ಚೀಟಿಗಳು. ಒಂದೊಂದು ಚೀಟಿಯಲ್ಲಿ ಆ ದಿನಾಂಕದವರೆಗೆ ಕೊಳ್ಳುವವನಿಗೆ ತಿಳಿದಿರಬಹುದಾದಷ್ಟು ಮಾತ್ರ ಇರುತ್ತದೆ. ಮಕ್ಕಳು ಆ ದಿನದಲ್ಲಿ ನಿಂತು ತೀರ್ಮಾನ ಮಾಡಬೇಕು. ಮುಂದಿನ ಚೀಟಿ ಅದಾದ ಮೇಲೆಯೇ.

ಮೊದಲ ಅವಧಿ

ಪೂರ್ವಜ್ಞಾನ ಪರೀಕ್ಷೆಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಟಿ.ವಿ., ಡೆಕ್ ಬಾಡಿಗೆಗೆ ತಂದು ಊರ ಮುಂದೆ ರಾತ್ರಿಯಿಡೀ ಮೂರು ಸಿನಿಮಾ ಹಾಕಿಸುತ್ತಿದ್ದ ಕಥೆ ಈ ಮಕ್ಕಳಿಗೆ ಅಜ್ಜಿಯರ ಬಾಯಿಂದ ಗೊತ್ತಿದೆ. 1982ರ ದೆಹಲಿ ಏಷ್ಯಾಡ್ ಹೊತ್ತಿಗೆ ನಮ್ಮ ದೇಶದಲ್ಲಿ ಬಣ್ಣದ ಪ್ರಸಾರ ಬಂತು, ಅದರ ಬೆನ್ನಿಗೇ ಪಟ್ಟಣಗಳಲ್ಲಿ ವಿಡಿಯೋ ಲೈಬ್ರರಿಗಳು ಎದ್ದವು, ಗಲ್ಫ್‌ನಿಂದಲೋ ಸಿಂಗಪುರದಿಂದಲೋ ಬಂದ ಯಂತ್ರಗಳು ಕೈಬದಲಾದವು ಎಂದು ಎರಡು ಮಾತಿನಲ್ಲಿ ಹೇಳಿ ತರಗತಿಯನ್ನು ನಾಲ್ಕು ಗುಂಪು ಮಾಡಿದೆ. ಮೊದಲ ಗುಂಪು, ಬಾಡಿಗೆಗೆ ಸಿನಿಮಾ ತಂದು ನೋಡುವ ಮನೆಯವರು. ಎರಡನೆಯದು, ಕೊರಟಗೆರೆ ಬಸ್ ನಿಲ್ದಾಣದ ಬಳಿ ಕ್ಯಾಸೆಟ್ ಲೈಬ್ರರಿ ಇಡಬೇಕೆಂದಿರುವವರು. ಮೂರನೆಯದು, ಹಳ್ಳಿಹಳ್ಳಿಗೆ ಟಿ.ವಿ., ಡೆಕ್ ಬಾಡಿಗೆಗೆ ಒಯ್ಯುವವರು. ನಾಲ್ಕನೆಯದು, ದೂರದರ್ಶನದಲ್ಲಿ ಬರುವುದನ್ನು ತಮಗಾಗಿ ತುಂಬಿಟ್ಟುಕೊಳ್ಳುವವರು. ಗುಂಪು ಬೇರೆಯಾದರೂ ಮತ ಒಬ್ಬೊಬ್ಬರದು.

ಮೊದಲ ಚೀಟಿ 1976ರದು. ಸೋನಿ ಕಂಪನಿಯ ಬೀಟಾಮ್ಯಾಕ್ಸ್ 1975ರಲ್ಲಿ ಬಂದಿದೆ, ಜೆವಿಸಿಯ ವಿಎಚ್‌ಎಸ್ 1976ರಲ್ಲಿ. ಬೀಟಾದ ಚಿತ್ರ ತುಸು ಸ್ಪಷ್ಟ, ಕ್ಯಾಸೆಟ್ ಚಿಕ್ಕದು. ಆದರೆ ಒಂದು ಕ್ಯಾಸೆಟ್ಟಿನಲ್ಲಿ ಒಂದೇ ಗಂಟೆ. ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ನಮ್ಮ ಸಿನಿಮಾ ಎರಡೂವರೆ ಗಂಟೆ ಎಂದರೆ ಬೀಟಾದಲ್ಲಿ ಮೂರು ಕ್ಯಾಸೆಟ್, ವಿಎಚ್‌ಎಸ್‌ನಲ್ಲಿ ಎರಡು. ಮಕ್ಕಳು ಲೆಕ್ಕ ಹಾಕಿದರು. ವಿಎಚ್‌ಎಸ್‌ಗೆ 21 ಕೈ, ಬೀಟಾಕ್ಕೆ 17.

ಇಲ್ಲಿ ಒಂದು ನಿಯಮ ಸೇರಿಸಿದೆ. ಮೇಜಿನ ಮೇಲೆ ‘ಕ್ಯಾಸೆಟ್ ಅಂಗಡಿ’ ಇದೆ, ಅದರಲ್ಲಿ 20 ರಟ್ಟಿನ ಕ್ಯಾಸೆಟ್ಟುಗಳಿಗೆ ಜಾಗ. ತರಗತಿಯಲ್ಲಿ ಯಾವ ಯಂತ್ರ ಎಷ್ಟು ಜನರ ಬಳಿ ಇದೆಯೋ ಅದರ ಪ್ರಮಾಣದಲ್ಲಿ ಅಂಗಡಿಯವನು ಕ್ಯಾಸೆಟ್ ಇಡುತ್ತಾನೆ. ಮೊದಲ ಮತದ ಪ್ರಕಾರ 11 ವಿಎಚ್‌ಎಸ್, 9 ಬೀಟಾ ಜೋಡಿಸಿಟ್ಟೆ.

ಎರಡನೆಯ ಚೀಟಿ 1984ರದು, ಅದು ಮೊದಲ ಚೀಟಿಯ ಮುಖ್ಯ ಕಾರಣವನ್ನೇ ಕಿತ್ತುಹಾಕುತ್ತದೆ. ಈಗ ಎರಡೂ ಕಡೆ ಉದ್ದದ ಟೇಪುಗಳು ಬಂದಿವೆ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ವಿಎಚ್‌ಎಸ್‌ನ ಸಾಮಾನ್ಯ ಕ್ಯಾಸೆಟ್ 3 ಗಂಟೆಯದು, ಬೀಟಾದ ದೊಡ್ಡ ಕ್ಯಾಸೆಟ್ 3 ಗಂಟೆ 15 ನಿಮಿಷದ್ದು. ಸಿನಿಮಾ ಎರಡರಲ್ಲೂ ಒಂದೇ ಕ್ಯಾಸೆಟ್ಟಿಗೆ ಹಿಡಿಯುತ್ತದೆ. ಜೊತೆಗೆ ಇನ್ನೊಂದು ಸಾಲು: ಜೆವಿಸಿ ತನ್ನ ಪದ್ಧತಿಯನ್ನು ಮತ್ಸುಶಿತಾ, ಹಿಟಾಚಿ, ಶಾರ್ಪ್, ಮಿತ್ಸುಬಿಷಿ ಮುಂತಾದ ಬಹಳ ಕಂಪನಿಗಳಿಗೆ ಕೊಟ್ಟಿದೆ. ಬೀಟಾ ಕಡೆಯಲ್ಲಿ ಸೋನಿಯ ಜೊತೆ ಸ್ಯಾನ್ಯೊ, ತೋಷಿಬಾದಂಥ ಕೆಲವರು ಇದ್ದಾರೆ. ಸಮಯದ ಕಾರಣ ಹೇಳಿ ವಿಎಚ್‌ಎಸ್ ಆರಿಸಿದ್ದವರು ಈಗ ಬೀಟಾಕ್ಕೆ ಬರಬೇಕಿತ್ತಲ್ಲವೇ? ಬರಲಿಲ್ಲ. ಮತ 26ಕ್ಕೆ 12. ಅಂಗಡಿಯಲ್ಲಿ 14 ವಿಎಚ್‌ಎಸ್, 6 ಬೀಟಾ.

ಮೂರನೆಯ ಸುತ್ತಿಗೆ ಚೀಟಿಯನ್ನೇ ಕೊಡಲಿಲ್ಲ. ‘ಅಂಗಡಿ ನೋಡಿ, ಮತ ಹಾಕಿ’ ಎಂದೆ ಅಷ್ಟೆ. 34ಕ್ಕೆ 4.

ನಾನು ಕಪ್ಪುಹಲಗೆಯ ಮೇಲೆ ಮೂರು ಸುತ್ತಿನ ಅಂಕಿಗಳನ್ನು ಒಂದರ ಕೆಳಗೊಂದು ಬರೆದು ಕೇಳಿದ ಪ್ರಶ್ನೆ ಒಂದೇ: ‘ಮೂರನೇ ಸುತ್ತಲ್ಲಿ ಯಂತ್ರದ ಬಗ್ಗೆ ನಿಮಗೆ ಹೊಸದಾಗಿ ಏನು ತಿಳೀತು?’ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಲೈಬ್ರರಿ ಗುಂಪಿನ ಹುಡುಗನೊಬ್ಬ, ‘ಏನೂ ಇಲ್ಲ ಸಾ. ಎಲ್ರೂ ಅದನ್ನ ತಗಂಡವ್ರೆ ಅಂತ ನಾವೂ ತಗಂಡ್ವಿ’ ಎಂದ. ಕುರಿಗಳ ಹಾಗೆ ಎಂದು ಯಾರೋ ನಕ್ಕರು. ಇಲ್ಲಿ ಶಿಕ್ಷಕರು ತಡೆದು ನಿಲ್ಲಬೇಕು. ಇದು ಕುರಿಮಂದೆಯ ಬುದ್ಧಿ ಎಂದು ಬಿಟ್ಟರೆ ಪಾಠ ಹಾಳಾಗುತ್ತದೆ. ಸೀರೆ ಕೊಳ್ಳುವಾಗ ನೆರೆಮನೆಯವಳು ಕೊಂಡಳೆಂದು ಕೊಳ್ಳುವುದು ಒಂದು. ವಿಡಿಯೋ ಯಂತ್ರದ ವಿಷಯ ಬೇರೆ, ಏಕೆಂದರೆ ನೆರೆಯವರು ಕೊಂಡದ್ದರಿಂದಲೇ ಅಂಗಡಿಯಲ್ಲಿ ನನಗೆ ಬೇಕಾದ ಕ್ಯಾಸೆಟ್ ಇರುತ್ತದೆ. ಯಂತ್ರ ಕೆಟ್ಟರೆ ರಿಪೇರಿ ಬಲ್ಲವನು ಸಿಗುತ್ತಾನೆ. ನನ್ನ ಕ್ಯಾಸೆಟ್ ಅವರ ಮನೆಯಲ್ಲಿ ಓಡುತ್ತದೆ. ಇತರರ ಆಯ್ಕೆ ಇಲ್ಲಿ ವಸ್ತುವಿನ ಒಂದು ಗುಣವೇ ಆಗಿಬಿಟ್ಟಿದೆ. ಹೊಲಿಗೆ ಯಂತ್ರಕ್ಕೂ ಫೋನಿಗೂ ಇರುವ ವ್ಯತ್ಯಾಸ ಇದು ಎಂದು ಒಬ್ಬಳು ತಾನಾಗಿಯೇ ಹೇಳಿದಳು. ಹೊಲಿಗೆ ಯಂತ್ರ ಊರಲ್ಲಿ ಒಂದೇ ಇದ್ದರೂ ಬಟ್ಟೆ ಹೊಲಿಯುತ್ತದೆ.

ಇನ್ನು ಆ ನಾಲ್ವರು. ನಾಲ್ವರೂ ನಾಲ್ಕನೆಯ ಗುಂಪಿನವರು. ಅವರ ಪರವಾಗಿ ಎದ್ದವಳು ಹೇಳಿದ್ದು: ‘ನಾವು ನಮ್ಮನೇಲಿ ತುಂಬ್ಕೊಂಡು ನಮ್ಮನೇಲೇ ನೋಡೋರು. ಅಂಗಡೀಲಿ ಏನಿದ್ರೆ ನಮಗೇನು? ಖಾಲಿ ಕ್ಯಾಸೆಟ್ ಸಿಕ್ರೆ ಸಾಕು.’ ತರಗತಿ ಒಪ್ಪಲಿಲ್ಲ. ನಾನು ಒಪ್ಪಿದೆ, ಕಾರಣವನ್ನು ಮಾತ್ರ ಮರುದಿನಕ್ಕೆ ಉಳಿಸಿಕೊಂಡೆ.

ಪ್ರಶಿಕ್ಷಣಾರ್ಥಿಗಳಿಗೆ ಇಲ್ಲೊಂದು ಮಾತು. ‘ಒಳ್ಳೆಯದು ಸೋತಿತು, ಸಾಧಾರಣವಾದದ್ದು ಗೆದ್ದಿತು’ ಎಂದು ಬೀಟಾಮ್ಯಾಕ್ಸ್ ಕಥೆಯನ್ನು ನೀತಿಕಥೆಯಂತೆ ಹೇಳುವ ರೂಢಿ ಇದೆ. ಹಾಗೆ ಹೇಳಬೇಡಿ. ಚಿತ್ರದ ವ್ಯತ್ಯಾಸ ಮನೆಯ ಟಿ.ವಿ.ಯಲ್ಲಿ ಗುರುತಿಸಲು ಕಷ್ಟವಾಗುವಷ್ಟು ಸಣ್ಣದು, ಹೆಚ್ಚು ಹೊತ್ತು ಹಿಡಿಸಲು ಟೇಪನ್ನು ನಿಧಾನ ಓಡಿಸಿದಾಗ ಅದೂ ಉಳಿಯುತ್ತಿರಲಿಲ್ಲ. ಮೊದಲ ವರ್ಷಗಳಲ್ಲಿ ಒಂದು ಗಂಟೆಗೂ ಎರಡು ಗಂಟೆಗೂ ಇದ್ದ ಅಂತರವಂತೂ ಸಣ್ಣದಲ್ಲ. ಅಮೆರಿಕದ ಆರ್‌ಸಿಎ ಕಂಪನಿ 1977ರಲ್ಲಿ ತನ್ನ ವಿಎಚ್‌ಎಸ್ ಯಂತ್ರವನ್ನು 4 ಗಂಟೆ ಹಿಡಿಸುವಂತೆ ಮಾಡಿಸಿಕೊಂಡು ಮಾರಿತು. ಆ ಮೊದಲ ಅಂತರ ತಂದ ಮುನ್ನಡೆ, ಅಂತರ ಮುಚ್ಚಿದ ಮೇಲೂ ಬೆಳೆಯುತ್ತ ಹೋಯಿತು. ತರಗತಿಯ 21, 26, 34 ತೋರಿಸಿದ್ದೂ ಇದನ್ನೇ. 1988ರಲ್ಲಿ ಸೋನಿಯೇ ವಿಎಚ್‌ಎಸ್ ಯಂತ್ರ ಮಾರಲು ಹೊರಟಿತು.

ಕಾನೂನಿನ ಕಡೆ ಆಸಕ್ತಿ ಇರುವವರು ಇಲ್ಲಿಂದ ಇನ್ನೊಂದು ಕವಲು ಹಿಡಿಯಬಹುದು. ಮನೆಯಲ್ಲಿ ಕಾರ್ಯಕ್ರಮ ತುಂಬಿಟ್ಟುಕೊಂಡು ಆಮೇಲೆ ನೋಡುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ಹೇಳಿದ್ದು ಸೋನಿಯ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿಯೇ. ಅದೇ ವರ್ಷ ನಮ್ಮ ಕೃತಿಸ್ವಾಮ್ಯ ಕಾಯಿದೆಗೆ ವಿಡಿಯೋ ನಕಲಿಯನ್ನು ತಡೆಯುವ ತಿದ್ದುಪಡಿ ಬಂತು. ನಾನು ಆ ಕಡೆ ಹೋಗಲಿಲ್ಲ, 40 ನಿಮಿಷದಲ್ಲಿ ಅದಕ್ಕೆ ಜಾಗವಿಲ್ಲ.

ಗೃಹಪಾಠ: ‘ನಿಮ್ಮ ಮನೆಯಲ್ಲಿ ಕೆಡದೆ ಇದ್ದೂ ಉಪಯೋಗಕ್ಕೆ ಬಾರದ ಒಂದು ವಸ್ತು ಹುಡುಕಿ. ಅದಕ್ಕೆ ಯಾವುದು ಜೊತೆಯಿಲ್ಲ ಎಂದು ಬರೆಯಿರಿ.’

ಎರಡನೆಯ ಅವಧಿ

ಗೃಹಪಾಠದ ಪಟ್ಟಿಯನ್ನು ಓದಿಸುವುದಕ್ಕೇ ಹತ್ತು ನಿಮಿಷ ಹೋಯಿತು, ಹೋಗಲಿ ಎಂದು ಬಿಟ್ಟೆ. ಸಣ್ಣ ಪಿನ್ನಿನ ಹಳೆಯ ಚಾರ್ಜರುಗಳು ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇದ್ದವು. ಭಜನೆ ಕ್ಯಾಸೆಟ್ಟುಗಳ ಡಬ್ಬಿ. ರೀಲು ಸಿಗದ ಕ್ಯಾಮೆರಾ. ಅಡಿಕೆ ತೋಟದ ಡ್ರಿಪ್‌ಗೆ ತಂದ 12 ಮಿ.ಮೀ. ಪೈಪಿನ ಸುರುಳಿ, ತೋಟದಲ್ಲಿರುವುದು 16 ಮಿ.ಮೀ., ಜಾಯಿಂಟರ್ ಕೂರುವುದಿಲ್ಲ. ಮೂರು ಮನೆಗಳಿಂದ ಡಿಶ್ ಬಾಕ್ಸ್: ಕಂಪನಿ ಬದಲಿಸಿದರು, ಹಳೆಯ ಬಾಕ್ಸ್ ಹೊಸ ಕಂಪನಿಗೆ ನಡೆಯುವುದಿಲ್ಲ, ಅಟ್ಟ ಸೇರಿತು. ಒಂದೇ ಬಾಕ್ಸ್ ಎಲ್ಲ ಕಂಪನಿಗೂ ನಡೆಯುವಂತಿರಬೇಕೆಂದು ಟ್ರಾಯ್ 2020ರಲ್ಲಿ ಶಿಫಾರಸು ಮಾಡಿದೆ ಎಂದು ನಾನು ಸೇರಿಸಿದೆ. ದೇವಸ್ಥಾನದ ಬೀದಿಯಲ್ಲಿ ಅಂಗಡಿ ಇರುವ ಮನೆಯ ಹುಡುಗ ಮಹಾಲಕ್ಷ್ಮಿಯ ಭಕ್ತಿಗೀತೆಗಳ ವಿಸಿಡಿಗಳನ್ನು ಬರೆದಿದ್ದ. ಶುಕ್ರವಾರದ ಜನಜಂಗುಳಿಯಲ್ಲೂ ಅವನ್ನು ಈಗ ಯಾರೂ ಕೇಳುವುದಿಲ್ಲವಂತೆ, ‘ಎಲ್ಲಾ ಫೋನಲ್ಲೇ ಬರುತ್ತಲ್ಲ’.

ಬಳಿಕ ಎರಡನೆಯ ಪೈಪೋಟಿಯ ಚೀಟಿಗಳು. ಈ ಸಲ ಆಯ್ಕೆ ನಾಲ್ಕು: ಎಚ್‌ಡಿ ಡಿವಿಡಿ, ಬ್ಲೂ-ರೇ, ಎರಡನ್ನೂ ಓಡಿಸುವ ಯಂತ್ರ, ಅಥವಾ ಕಾಯುವುದು. ಏಪ್ರಿಲ್ 2006: ಅಮೆರಿಕದಲ್ಲಿ ತೋಷಿಬಾದ ಎಚ್‌ಡಿ ಡಿವಿಡಿ ಯಂತ್ರ 499 ಡಾಲರಿಗೆ ಬಂದಿದೆ. ಆಗಿನ ಲೆಕ್ಕಕ್ಕೆ ಸುಮಾರು 22 ಸಾವಿರ ರೂಪಾಯಿ. ಡಿಸ್ಕಿನ ಒಂದು ಪದರಕ್ಕೆ 15 ಗಿಗಾಬೈಟ್. ಜೂನ್ 2006: ಸ್ಯಾಮ್‌ಸಂಗ್‌ನ ಬ್ಲೂ-ರೇ ಯಂತ್ರ 999 ಡಾಲರ್, ಸುಮಾರು 45 ಸಾವಿರ. ಪದರಕ್ಕೆ 25 ಗಿಗಾಬೈಟ್. ಒಂದು ಸಿನಿಮಾ ಕಂಪನಿ ಇದರಲ್ಲಿ ಮಾತ್ರ, ಇನ್ನೊಂದು ಅದರಲ್ಲಿ ಮಾತ್ರ ಡಿಸ್ಕ್ ತರುತ್ತಿದೆ. ನವೆಂಬರ್ 2006: ಸೋನಿ ತನ್ನ ಪ್ಲೇಸ್ಟೇಷನ್ 3 ಆಟದ ಯಂತ್ರದೊಳಗೇ ಬ್ಲೂ-ರೇ ಇಟ್ಟಿದೆ. 2007ರ ಆರಂಭ: ಎಲ್‌ಜಿ ಎರಡನ್ನೂ ಓಡಿಸುವ ಯಂತ್ರ ತಂದಿದೆ, 1,199 ಡಾಲರ್, ಸುಮಾರು 53 ಸಾವಿರ. ಆದರೆ ಎಚ್‌ಡಿ ಡಿವಿಡಿಯ ಮೆನುಗಳು ಅದರಲ್ಲಿ ಪೂರ್ತಿ ನಡೆಯುವುದಿಲ್ಲ. ಆಗಸ್ಟ್ 2007: ಪ್ಯಾರಾಮೌಂಟ್ ಕಂಪನಿ ಇನ್ನು ಎಚ್‌ಡಿ ಡಿವಿಡಿ ಮಾತ್ರ ಎಂದು ಸಾರಿದೆ. ನವೆಂಬರ್ 2007: ವಾಲ್‌ಮಾರ್ಟ್ ಅಂಗಡಿಗಳಲ್ಲಿ ತೋಷಿಬಾ ಯಂತ್ರ 100 ಡಾಲರಿನ ಒಳಗೆ, ಅಂದರೆ 4 ಸಾವಿರ ರೂಪಾಯಿಯ ಒಳಗೆ ಸಿಕ್ಕಿದೆ. ಎರಡೂ ಬಗೆಯ ಯಂತ್ರಗಳಲ್ಲಿ ಹಳೆಯ ಡಿವಿಡಿಗಳೂ ಓಡುತ್ತವೆ.

‘ಇವತ್ತು 2007ರ ಡಿಸೆಂಬರ್ 1. ನಿಮ್ಮ ತೀರ್ಮಾನ ಬರೆಯಿರಿ.’

ಬರೆಯುವ ಮೊದಲು ನಡೆದ ಚರ್ಚೆಯೇ ಈ ಪಾಠದ ತಿರುಳು, ಪ್ರಶಿಕ್ಷಣಾರ್ಥಿಗಳು ಅದನ್ನು ಅಕ್ಷರಶಃ ಬರೆದುಕೊಂಡದ್ದು ಒಳ್ಳೆಯದಾಯಿತು. 4 ಸಾವಿರದ ಯಂತ್ರ ಕೇಳಿ ಹುಡುಗರ ಕಣ್ಣರಳಿತು. ಆಗ ಒಬ್ಬಳು, ‘ಸಂತೇಲಿ ಬೆಳಿಗ್ಗೆ ನಲವತ್ತು ಹೇಳಿದ ಟೊಮೊಟೊ ಸಾಯಂಕಾಲ ಹತ್ತಕ್ಕೆ ಯಾಕ್ ಕೊಡ್ತಾರೆ?’ ಎಂದು ಕೇಳಿದಳು. ಬೆಲೆ ಇಳಿದದ್ದು ಗ್ರಾಹಕನಿಗೆ ಲಾಭದ ಸುದ್ದಿಯೂ ಹೌದು, ಮಾರುವವನ ಅವಸರದ ಸುದ್ದಿಯೂ ಹೌದು. ಎರಡನ್ನೂ ಒಟ್ಟಿಗೆ ಓದಬೇಕು ಎಂಬುದನ್ನು ನಾನು ಹೇಳಿಕೊಡಬೇಕಾಗಲಿಲ್ಲ. ಅವಳ ಪಕ್ಕದವನು ಅಷ್ಟಕ್ಕೆ ಬಿಡಲಿಲ್ಲ. ಸಾಯಂಕಾಲದ ಟೊಮೊಟೊ ಅವತ್ತೇ ಸಾರಿಗೆ ಹಾಕುವವರಿಗೆ ಹತ್ತು ರೂಪಾಯಿಗೆ ಲಾಭವೇ ಅಲ್ಲವೇ ಎಂದ. ಯಂತ್ರ ಸೋತರೂ ಡಿವಿಡಿ ಓಡಿಸುತ್ತದಲ್ಲ, 4 ಸಾವಿರಕ್ಕೆ ಒಂದು ಡಿವಿಡಿ ಯಂತ್ರ ಉಳಿದಂತಾಯಿತು. ಬೀಟಾ ಕೊಂಡವನಿಗೆ ಹಾಗೆ ಉಳಿಯುವುದೇನೂ ಇರಲಿಲ್ಲ. ‘ಸೋತರೆ ಕೈಲಿ ಏನು ಉಳಿಯುತ್ತೆ?’ ಎಂದು ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಬರೆದೆ.

ಕಾಯುವುದರ ಬಗ್ಗೆ ಮಾತು ಬಂದಾಗ ಮಧುಗಿರಿ, ಪಾವಗಡ, ಶಿರಾ ಸೀಮೆಯ ಮಕ್ಕಳಿಗೆ ಯಾರೂ ಉದಾಹರಣೆ ಕೊಡಬೇಕಾಗಿಲ್ಲ. ಕಡಲೆಕಾಯಿ ಬಿತ್ತನೆಗೆ ಹದ ಮಳೆ ಬರಲಿ ಎಂದು ಕಾದು, ಕಾದದ್ದಕ್ಕೇ ಬೆಳೆ ಕಳೆದುಕೊಂಡ ವರ್ಷಗಳು ಪ್ರತಿ ಮನೆಯಲ್ಲೂ ಇವೆ. ಒಬ್ಬ ಹೇಳಿದ: ‘ಬಿತ್ತನೆಗೆ ಕಾದ್ರೆ ಹೊತ್ತು ಮೀರುತ್ತೆ. ಮಿಷನ್ನಿಗೆ ಕಾದ್ರೆ ಏನೂ ಮೀರಲ್ಲ, ಮನೇಲಿ ಡಿವಿಡಿ ಐತಲ್ಲ.’ ಕಾಯುವುದಕ್ಕೂ ಒಂದು ಬೆಲೆ ಇದೆ, ಆ ಬೆಲೆ ಎಲ್ಲ ಕಡೆ ಒಂದೇ ಅಲ್ಲ. ಇಷ್ಟನ್ನು ಅರ್ಥಶಾಸ್ತ್ರದ ಪುಸ್ತಕ ಒಂದು ಪುಟದಲ್ಲಿ ಹೇಳುತ್ತದೆ. ಆ ಹೊತ್ತಿನಲ್ಲಿ ನಮ್ಮ ದೇಶದಲ್ಲಿ ಮೋಸರ್ ಬೇರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಹೊರಟಿತ್ತು ಎಂಬ ಚೀಟಿಯನ್ನೂ ಆಗ ಕೊಟ್ಟೆ. ಹೊಸ ಡಿಸ್ಕಿನ ಹೆಚ್ಚಿನ ಸ್ಪಷ್ಟತೆ ಕಾಣಬೇಕಾದರೆ ಹೊಸ ಟಿ.ವಿ.ಯೂ ಬೇಕು. ಗೊರವನಹಳ್ಳಿಯ ಮನೆಯೊಂದಕ್ಕೆ 2007ರಲ್ಲಿ ಎರಡೂ ಯಂತ್ರ ಬೇಡವಾಗಿತ್ತು ಎಂಬುದೇ ನನ್ನ ಅಭಿಪ್ರಾಯ, ಆದರೆ ಅದನ್ನು ಬರವಣಿಗೆ ಮುಗಿಯುವವರೆಗೆ ಹೇಳಲಿಲ್ಲ.

ಬರೆದ 38 ಜನರಲ್ಲಿ ಕಾಯುವವರು 19, ಎಚ್‌ಡಿ ಡಿವಿಡಿ 9, ಬ್ಲೂ-ರೇ 7, ಎರಡನ್ನೂ ಓಡಿಸುವ ಯಂತ್ರ 3.

ಆಮೇಲೆ ಕೊನೆಯ ಎರಡು ಚೀಟಿ. 2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ತಾನು ಇನ್ನು ಬ್ಲೂ-ರೇ ಮಾತ್ರ ಎಂದಿತು. ಫೆಬ್ರವರಿ 19ರಂದು ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು. ನಡುವೆ ಏಳು ವಾರವೂ ಇಲ್ಲ. ಬೀಟಾ ಕಾಲದಲ್ಲೂ ಸೋತ ಕಡೆಯೇ ಇದ್ದ ತೋಷಿಬಾ ಇಲ್ಲೂ ಸೋತ ಕಡೆ. ತಮಾಷೆಯೆಂದರೆ, ಇದೇ ಸೋನಿ ಮತ್ತು ತೋಷಿಬಾಗಳ ಬಣಗಳು 1995ರಲ್ಲಿ ಇಂಥದೇ ಜಗಳ ಹೂಡಲಿದ್ದಾಗ ಐಬಿಎಂ ಮುಂತಾದ ಕಂಪ್ಯೂಟರ್ ಕಂಪನಿಗಳು ಪಟ್ಟು ಹಿಡಿದು ಇಬ್ಬರನ್ನೂ ಒಂದೇ ಪದ್ಧತಿಗೆ ಒಪ್ಪಿಸಿದ್ದವು. ನಾವೆಲ್ಲ ಬಳಸಿದ ಡಿವಿಡಿ ಹುಟ್ಟಿದ್ದು ಆ ಒಪ್ಪಂದದಿಂದ. ‘ಸರ್ಕಾರ ಹೇಳಿದ್ರೆ ಆಗಲ್ವಾ ಸಾ?’ ಎಂಬ ಪ್ರಶ್ನೆ ಬಂತು. ಆಗುತ್ತದೆ: ಯೂರೋಪಿನ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆಲ್ಲ ಒಂದೇ ಬಗೆಯ ಚಾರ್ಜರ್ ಪಿನ್, ಕಾನೂನಿನಿಂದ.

ಪಠ್ಯಕ್ಕೆ ಮರಳಿದ್ದು ಇಲ್ಲಿಂದ. ಎಚ್‌ಡಿ ಡಿವಿಡಿ ಕೊಂಡ ಒಂಬತ್ತು ಮಂದಿ ದೂರು ಕೊಡಬಹುದೇ? ಕಾಯಿದೆಯಲ್ಲಿ ‘ದೋಷ’ ಎಂದರೇನು ಎಂದು ಪುಸ್ತಕ ತೆರೆದು ಓದಿಸಿದೆ. ಯಂತ್ರ ಹೇಳಿದಂತೆಯೇ ಓಡುತ್ತಿದೆ, ದೋಷವಿಲ್ಲ. ಸುಳ್ಳು ಜಾಹೀರಾತೂ ಇಲ್ಲ. ಅಮೆರಿಕದ ಬೆಸ್ಟ್ ಬೈ ಅಂಗಡಿಗಳು ತಮ್ಮಲ್ಲಿ ಈ ಯಂತ್ರ ಕೊಂಡವರಿಗೆ 50 ಡಾಲರಿನ ಗಿಫ್ಟ್ ಕಾರ್ಡ್ ಕೊಟ್ಟವು, ಅದು ಅವರ ಇಷ್ಟದಿಂದ, ಕಾನೂನಿನ ಬಲವಂತದಿಂದಲ್ಲ. ಮಕ್ಕಳಿಗೆ ಇದು ಅನ್ಯಾಯ ಎನಿಸಿತು. ಅನ್ನಿಸಲಿ. ಮಾಹಿತಿಯ ಹಕ್ಕು, ಆಯ್ಕೆಯ ಹಕ್ಕು ಎಂದು ಬಾಯಿಪಾಠ ಮಾಡಿದ್ದ ಪದಗಳ ಎಲ್ಲೆ ಎಲ್ಲಿದೆ ಎಂದು ಅವರು ಕಂಡದ್ದು ಆಗಲೇ.

ಗೆದ್ದದ್ದರ ಗತಿ

ಎರಡನೆಯ ದಿನ ಒಬ್ಬ ಹುಡುಗಿ ಚೀಲದಿಂದ ಒಂದು ವಿಎಚ್‌ಎಸ್ ಕ್ಯಾಸೆಟ್ ತೆಗೆದಿಟ್ಟಳು. ಅವಳ ಸೋದರತ್ತೆಯ ಮದುವೆಯದು, 1997ರದು. ಅದರಲ್ಲಿ ಅವಳ ತಾತ ಇದ್ದಾರೆ. ಅವಳು ಹುಟ್ಟುವ ಮೊದಲೇ ತೀರಿಕೊಂಡವರು, ಅವರು ಓಡಾಡುವುದು, ಮಾತಾಡುವುದು ಇರುವುದು ಇದೊಂದರಲ್ಲೇ. ‘ಗೆದ್ದಿದ್ದು ಇದೇ ಅಲ್ವಾ ಸಾ? ಮತ್ತೆ ಇದನ್ನ ಎಲ್ಲಿ ಹಾಕ್ಬೇಕು?’

ಈ ಪ್ರಶ್ನೆಗಾಗಿ ನಾನು ಉಳಿಸಿಕೊಂಡಿದ್ದ ಚೀಟಿ ಇತ್ತು. ಸೋನಿ ಬೀಟಾ ಯಂತ್ರ ಮಾಡುವುದನ್ನು 2002ರಲ್ಲಿ ನಿಲ್ಲಿಸಿತು, ಆದರೆ ಖಾಲಿ ಬೀಟಾ ಕ್ಯಾಸೆಟ್ಟುಗಳನ್ನು 2016ರ ಮಾರ್ಚ್‌ವರೆಗೆ ಮಾರುತ್ತಿತ್ತು. ವಿಎಚ್‌ಎಸ್ ಯಂತ್ರ ಮಾಡುತ್ತಿದ್ದ ಕೊನೆಯ ಕಂಪನಿ ಫುನೈ ಅದನ್ನು ನಿಲ್ಲಿಸಿದ್ದು 2016ರ ಜುಲೈಯಲ್ಲಿ. ಸೋತದ್ದರ ಖಾಲಿ ಟೇಪು ಮತ್ತು ಗೆದ್ದದ್ದರ ಯಂತ್ರ ಒಂದೇ ವರ್ಷ ಮುಗಿದವು. ಮೊದಲ ದಿನ ಬೀಟಾ ಬಿಡದೆ ಕುಳಿತಿದ್ದ ನಾಲ್ವರು ಬೆಂಚು ಬಡಿದು ಸಂಭ್ರಮಿಸಿದರು. ಅವರ ವಾದ ನಿಂತಿತು, ಅವರಿಗೆ ಬೇಕಾಗಿದ್ದುದು ಖಾಲಿ ಕ್ಯಾಸೆಟ್ ಒಂದೇ.

ಕ್ಯಾಸೆಟ್ಟಿನ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಯಾರದೋ ಅಟ್ಟದ ಹಳೆಯ ಡೆಕ್ಕಿಗೆ ಹಾಕಿ ನೋಡಬೇಡಿ, ಟೇಪು ಸುತ್ತಿಕೊಂಡು ಹರಿಯಬಹುದು ಎಂದು ಹೇಳಿ ಕಳಿಸಿದೆ. ಮನೆಯವರು ತುಮಕೂರಿನ ಒಂದು ಸ್ಟುಡಿಯೋಗೆ ಕೊಟ್ಟರು. ಮೂರು ವಾರದ ಬಳಿಕ ಪೆನ್‌ಡ್ರೈವ್ ಬಂತು, ಒಂದು ಗಂಟೆ ಹತ್ತು ನಿಮಿಷದಷ್ಟು ಉಳಿದಿತ್ತು. ತಾತ ಎರಡು ಕಡೆ ಕಾಣುತ್ತಾರೆ. ಆದರೆ ಆ ಕಾಲದ ಮದುವೆ ವಿಡಿಯೋಗಳ ಪದ್ಧತಿಯಂತೆ ಉದ್ದಕ್ಕೂ ಸಿನಿಮಾ ಹಾಡು ಕೂರಿಸಿದ್ದಾರೆ, ಮಾತೆಲ್ಲ ಅದರ ಕೆಳಗೆ ಹೂತುಹೋಗಿದೆ. ಊಟದ ಪಂಕ್ತಿಯಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ, ‘ಇಲ್ಲಿ ಮಜ್ಜಿಗೆ ತನ್ರೋ’ ಎಂಬಷ್ಟು ಕೇಳಿಸುತ್ತದಂತೆ. ಅವಳ ಅಜ್ಜಿ ಅಷ್ಟನ್ನೇ ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತಾರೆ ಎಂದು ಹುಡುಗಿ ಹೇಳಿದಳು.

ಮೌಲ್ಯಮಾಪನದ ಬಗ್ಗೆ ನಡೆದ ವಾದ

ಡಿಸೆಂಬರ್ 1ರ ಬರವಣಿಗೆಗೆ 5 ಅಂಕ. ತನ್ನ ಮನೆಯ ಅಗತ್ಯ ಏನೆಂದು ಹೇಳಿದ್ದಕ್ಕೆ 1, ಚೀಟಿಯ ಮಾಹಿತಿಯನ್ನು ಕಾರಣವಾಗಿ ಬಳಸಿದ್ದಕ್ಕೆ 2, ಸೋತರೆ ಏನು ಉಳಿಯುತ್ತದೆ ಎಂದು ನೋಡಿದ್ದಕ್ಕೆ 1, ‘ಯಾವ ಸುದ್ದಿ ಬಂದರೆ ನನ್ನ ತೀರ್ಮಾನ ಬದಲಾಗುತ್ತದೆ’ ಎಂದು ಬರೆದದ್ದಕ್ಕೆ 1. ಯಾವ ಯಂತ್ರ ಆರಿಸಿದರು ಎಂಬುದಕ್ಕೆ ಅಂಕವೇ ಇಲ್ಲ.

ಇದರ ಮೇಲೆ ಕಾಲೇಜಿಗೆ ಮರಳಿದ ಮೇಲೆ ಒಂದು ಗಂಟೆ ಜಗಳ ನಡೆಯಿತು. ಟೊಮೊಟೊ ಚರ್ಚೆಯ ಆ ಹುಡುಗ ಎಚ್‌ಡಿ ಡಿವಿಡಿ ಆರಿಸಿ 5ಕ್ಕೆ 5 ಪಡೆದಿದ್ದ. 4 ಸಾವಿರ ಕೊಡುತ್ತೇನೆ, ಸೋತರೆ ಡಿವಿಡಿ ಯಂತ್ರ ಉಳಿಯುತ್ತದೆ, ವಾರ್ನರ್ ಆ ಕಡೆ ಹೋದರೆ ಮನಸ್ಸು ಬದಲಿಸುತ್ತೇನೆ ಎಂದು ಬರೆದಿದ್ದ. ‘ಬ್ಲೂ-ರೇ, ಏಕೆಂದರೆ ಸೋನಿ ದೊಡ್ಡ ಕಂಪನಿ’ ಎಂದು ಒಂದೇ ಸಾಲು ಬರೆದವಳಿಗೆ 1 ಅಂಕ. ‘ಸರ್, ಗೆದ್ದ ಯಂತ್ರ ಹೇಳಿದವಳಿಗೆ ಒಂದು, ಸೋತದ್ದನ್ನು ಹೇಳಿದವನಿಗೆ ಐದು. ಪೋಷಕರು ಕೇಳಿದರೆ ಏನು ಹೇಳುವುದು?’ ಎಂದು ಒಬ್ಬರು ಪ್ರಶಿಕ್ಷಣಾರ್ಥಿ ಪಟ್ಟು ಹಿಡಿದರು. ಹದ ನೋಡಿ ಬಿತ್ತಿದವನಿಗೆ ಆಮೇಲೆ ಮಳೆ ಕೈಕೊಟ್ಟರೆ ಅವನನ್ನು ದಡ್ಡ ರೈತ ಎನ್ನುತ್ತೀರಾ ಎಂದು ಅವರ ಪಕ್ಕದಲ್ಲಿದ್ದವರೇ ಕೇಳಿದರು. ಅವರು ಪೂರ್ತಿ ಒಪ್ಪಲಿಲ್ಲ: ಪರೀಕ್ಷೆಯಲ್ಲಿ ಸರಿ ಉತ್ತರ ಎಂಬುದೊಂದು ಇರಲೇಬೇಕು, ಇಲ್ಲದಿದ್ದರೆ ಮಾತುಗಾರ ಮಕ್ಕಳೇ ಅಂಕ ಬಾಚಿಕೊಳ್ಳುತ್ತಾರೆ ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿದೆ. ಬರವಣಿಗೆ ಬಾರದ ಇಬ್ಬರು ಮಕ್ಕಳನ್ನು ನಾನು ಮೌಖಿಕವಾಗಿ ಕೇಳಿದೆ, ಒಬ್ಬನಿಗೆ 4 ಬಂತು. 60 ಮಕ್ಕಳಿರುವ ತರಗತಿಯಲ್ಲಿ ಅದು ಆಗುವ ಮಾತಲ್ಲ, ಅಲ್ಲಿ ಗುಂಪಿಗೆ ಒಂದು ಉತ್ತರ ಬರೆಸಿ.

ಪಾಠವನ್ನು ಮತ್ತೆ ಮಾಡುವವರಿಗೆ ಎರಡು ಸೂಚನೆ. ಎರಡು ಅವಧಿ ಸಿಗದಿದ್ದರೆ ಮೊದಲ ದಿನದ್ದನ್ನು ಬಿಟ್ಟು ಎರಡನೆಯದನ್ನು ಮಾತ್ರ ಮಾಡುವುದು ಬೇಡ. ಮೇಜಿನ ಮೇಲಿನ ಅಂಗಡಿಯನ್ನು ಕಣ್ಣಾರೆ ಕಾಣದೆ ಚೀಟಿಗಳ ಸಿನಿಮಾ ಕಂಪನಿಗಳ ಹೆಸರು ಮಕ್ಕಳಿಗೆ ಬರೀ ಹೆಸರಾಗುತ್ತದೆ. ಒಂದೇ ಅವಧಿ ಇದ್ದರೆ ಕ್ಯಾಸೆಟ್ ಪಾಠ ಮಾಡಿ, ಗೃಹಪಾಠಕ್ಕೆ ಡಿಶ್ ಬಾಕ್ಸ್ ಕೊಡಿ. ಇನ್ನು ವಿಜ್ಞಾನ ಬೋಧನಾ ವಿಧಾನದವರು ಎರಡನೆಯ ದಿನದ ಡಿಸ್ಕುಗಳನ್ನೇ ಬೆಳಕಿನ ಪಾಠಕ್ಕೆ ಎತ್ತಿಕೊಳ್ಳಬಹುದು: ಡಿವಿಡಿಯನ್ನು ಓದುವುದು 650 ನ್ಯಾನೊಮೀಟರಿನ ಕೆಂಪು ಲೇಸರ್, ಆ ಎರಡು ಹೊಸ ಡಿಸ್ಕುಗಳನ್ನೂ ಓದುವುದು 405ರ ನೀಲಿ-ನೇರಳೆ ಲೇಸರ್. ಒಂದೇ ಬೆಳಕು ಬಳಸಿಯೂ ಅವು ಒಂದರ ಯಂತ್ರದಲ್ಲಿ ಇನ್ನೊಂದು ಓಡದ ಹಾಗಿದ್ದವು, ಏಕೆಂದರೆ ಮಾಹಿತಿಯ ಪದರ ಬ್ಲೂ-ರೇಯಲ್ಲಿ ಮೇಲ್ಮೈಯಿಂದ 0.1 ಮಿ.ಮೀ. ಆಳದಲ್ಲಿದೆ, ಎಚ್‌ಡಿ ಡಿವಿಡಿಯಲ್ಲಿ 0.6 ಮಿ.ಮೀ. ಆಳದಲ್ಲಿ. ಚೀಟಿಗಳ ಒಂದು ಕಟ್ಟು ಮತ್ತು ರಟ್ಟಿನ ಕ್ಯಾಸೆಟ್ಟುಗಳು ಸಮಾಜ ವಿಜ್ಞಾನ ಕೊಠಡಿಯ ಕಪಾಟಿನ ಕೆಳಗಿನ ಅಂಕಣದಲ್ಲಿವೆ. ಒಯ್ದವರು ತಾರೀಖಿನ ಕ್ರಮದಲ್ಲೇ ಜೋಡಿಸಿ ಮರಳಿಸಬೇಕು.